ಅಸಮಾಧಾನ ಯಾವಾಗ ಚಳವಳಿಯಾಗುತ್ತದೆ, ಚಳವಳಿಯ ಫಲ ಯಾರ ಪಾಲಾಗುತ್ತದೆ?

ಆಲ್ದೂರಿನ ವಿದ್ಯಾರ್ಥಿನಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಮಗಳೂರಿನಲ್ಲಿ ರಾಜ್ಯಶಾಸ್ತ್ರದ ಎಂ.ಎ. ಓದುತ್ತಿದ್ದೇನೆ. ಪ್ರತಿಭಟನೆ, ಮುಷ್ಕರ ಮತ್ತು ಕ್ರಾಂತಿಗಳ ಕಾರಣ ಹಾಗೂ ಪರಿಣಾಮಗಳ ಕುರಿತು ಕಿರುಪ್ರಬಂಧವೊಂದನ್ನು ಸಿದ್ಧಪಡಿಸಬೇಕಾಗಿದೆ. ಪಠ್ಯಗಳಲ್ಲಿ ಬಡತನ, ಶೋಷಣೆ, ಬೆಲೆ ಏರಿಕೆ, ನಿರುದ್ಯೋಗ ಎಂದು ಕಾರಣಗಳನ್ನು ಸಾಲಾಗಿ ಕೊಟ್ಟಿರುತ್ತಾರೆ. ಅವನ್ನು ಓದಿಕೊಂಡು ನಮ್ಮ ತೋಟಗಳ ಕಡೆ ನೋಡಿದರೆ ಲೆಕ್ಕ ಹೊಂದುವುದಿಲ್ಲ.

ನಾವು ಬೆಳೆದದ್ದು ಕಾಫಿ ಎಸ್ಟೇಟಿನ ಲೈನ್ ಮನೆಯಲ್ಲಿ, ಅಂದರೆ ತೋಟದ ಆಳುಗಳಿಗೆ ಕಟ್ಟಿಸಿದ ಸಾಲು ಮನೆಗಳಲ್ಲಿ. ನನ್ನ ತಾಯಿ ಈಗಲೂ ಕೊಯ್ಲಿನ ಕಾಲದಲ್ಲಿ ಹಣ್ಣು ಬಿಡಿಸಲು ಹೋಗುತ್ತಾರೆ. 2024 ಮತ್ತು 2025ರಲ್ಲಿ ಕಾಫಿ ಬೆಲೆ ಹಿಂದೆಂದೂ ಕಾಣದ ಮಟ್ಟಕ್ಕೆ ಏರಿದಾಗ, ಕೂಲಿ ಅದಕ್ಕೆ ತಕ್ಕಂತೆ ಏರಲಿಲ್ಲವೆಂಬ ಮಾತು ಲೈನಿನ ಪ್ರತಿ ಮನೆಯಲ್ಲೂ ಇತ್ತು. ಬೆಳಗ್ಗೆ ಹಾಜರಿಗೆ ನಿಂತ ಹೆಂಗಸರು ಅದನ್ನೇ ಮಾತಾಡಿಕೊಳ್ಳುತ್ತಿದ್ದರು. ಲೆಕ್ಕ ಬರೆಯುವ ರೈಟರು ಪುಸ್ತಕ ತೆರೆದೊಡನೆ ಮಾತು ನಿಲ್ಲುತ್ತಿತ್ತು, ಎಲ್ಲರೂ ಚೀಲ ಹಿಡಿದು ತೋಟಕ್ಕೆ ಇಳಿಯುತ್ತಿದ್ದರು. ಆದರೆ ಇದೇ ಪಶ್ಚಿಮ ಘಟ್ಟದ ಮುನ್ನಾರಿನಲ್ಲಿ, ಇಂಥದ್ದೇ ಲೈನ್ ಮನೆಗಳಲ್ಲಿದ್ದ ತಮಿಳು ಮಾತನಾಡುವ ಚಹಾ ತೋಟದ ಹೆಂಗಸರು 2015ರ ಸೆಪ್ಟೆಂಬರಿನಲ್ಲಿ ‘ಪೆಂಬಿಳೈ ಒರುಮೈ’ (ಹೆಂಗಸರ ಒಗ್ಗಟ್ಟು) ಎಂದು ಒಟ್ಟಾಗಿ ರಸ್ತೆಗಿಳಿದು ಊರನ್ನೇ ನಿಲ್ಲಿಸಿದರು.

ಬಡತನ ಎರಡೂ ಕಡೆ ಇತ್ತು. ಹಾಗಿದ್ದರೆ ಒಂದು ಕಡೆ ಎದ್ದು ಇನ್ನೊಂದು ಕಡೆ ಏಳದಿರಲು ಕಾರಣವೇನು? ಎದ್ದ ಮೇಲೆ ಸಿಗುವ ಫಲ ಎದ್ದವರಿಗೇ ಸೇರುತ್ತದೆಯೇ? ನಮ್ಮ ಕಡೆಯ ಉದಾಹರಣೆಗಳೊಂದಿಗೆ ತಿಳಿದವರು ಉತ್ತರಿಸಿದರೆ ಉಪಕಾರವಾಗುತ್ತದೆ.

ಹಾಸನದ ನಿವೃತ್ತ ಅಧ್ಯಾಪಕ

ಅಮ್ಮಾ, ನಿಮ್ಮ ಅನುಮಾನ ಸರಿಯಾದ ಜಾಗದಲ್ಲೇ ಹುಟ್ಟಿದೆ. ಕಷ್ಟವಿದ್ದ ಮಾತ್ರಕ್ಕೆ ಜನ ದಂಗೆ ಏಳುವಂತಿದ್ದರೆ ಚರಿತ್ರೆಯಲ್ಲಿ ದಂಗೆಯಿಲ್ಲದ ವರ್ಷವೇ ಇರುತ್ತಿರಲಿಲ್ಲ. ನಾನು ಇಷ್ಟು ವರ್ಷ ಚರಿತ್ರೆ ಪಾಠ ಹೇಳಿ ಕಂಡುಕೊಂಡದ್ದು ಇದು: ಎರಡೂ ಕಡೆಯವರು ಬಹುಕಾಲದಿಂದ ಒಪ್ಪಿ ನಡೆದುಕೊಂಡು ಬಂದ ಕಟ್ಟಳೆಯೊಂದನ್ನು ಮೇಲಿನವರು ಏಕಾಏಕಿ ಮುರಿದಾಗ, ಮುರಿದದ್ದು ಎಲ್ಲರ ಕಣ್ಣಿಗೂ ಒಂದೇ ಸಲಕ್ಕೆ ಬಿದ್ದಾಗ, ಅದುವರೆಗೆ ಎಷ್ಟೋ ದೊಡ್ಡ ಕಷ್ಟಗಳನ್ನು ನುಂಗಿಕೊಂಡಿದ್ದ ಜನ ಅದಕ್ಕಿಂತ ಚಿಕ್ಕದೆಂದು ಕಾಣುವ ಒಂದು ವಿಷಯಕ್ಕೆ ಎದ್ದು ನಿಲ್ಲುತ್ತಾರೆ.

ನಿಮ್ಮ ಜಿಲ್ಲೆಯ ತರೀಕೆರೆಯೂ ಪಾಲ್ಗೊಂಡಿದ್ದ 1830–31ರ ನಗರ ದಂಗೆಯನ್ನೇ (ನಗರವೆಂದರೆ ಶಿವಮೊಗ್ಗ ಕಡೆಯ ಹಳೆಯ ಬಿದನೂರು) ತೆಗೆದುಕೊಳ್ಳಿ. ಮುಮ್ಮಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಕಂದಾಯ ವಸೂಲಿಗೆ ‘ಶರ್ತಿ’ ಎಂಬ ಪದ್ಧತಿಯಿತ್ತು. ಅಮಲ್ದಾರನು ತನ್ನ ತಾಲ್ಲೂಕಿನಿಂದ ಇಂತಿಷ್ಟು ಹಣ ಕಟ್ಟುತ್ತೇನೆಂದು ಸರ್ಕಾರಕ್ಕೆ ಬರೆದುಕೊಡಬೇಕು. ಕಡಿಮೆ ಬಿದ್ದರೆ ಕೈಯಿಂದ ತುಂಬಬೇಕು. ಕೈಯಿಂದ ತುಂಬುವ ಅಮಲ್ದಾರ ಯಾರಿದ್ದಾನೆ? ಅವನು ರೈತನ ಕೊರಳಿಗೆ ಬೀಳುತ್ತಿದ್ದ. ಇದು ವರ್ಷಗಟ್ಟಲೆ ನಡೆಯಿತು, ಜನ ಸಹಿಸಿದರು. ನಗರ ಸೀಮೆಯಲ್ಲಿ ಬೆಂಕಿ ಹತ್ತಿದ್ದು ಹಿಂದಿನ ಅಧಿಕಾರಿಗಳು ಕೊಟ್ಟಿದ್ದ ಕಂದಾಯದ ಮಾಫಿಯನ್ನು ಸೀಮೆಯ ಮೇಲಧಿಕಾರಿಯಾಗಿ ಬಂದ ಹೊಸ ಫೌಜುದಾರರು ಹಿಂದಕ್ಕೆ ತೆಗೆದುಕೊಂಡಾಗ. ಕೊಟ್ಟ ಮಾತನ್ನು ಕಿತ್ತುಕೊಂಡರೆಂಬ ಭಾವನೆ ಹಳ್ಳಿಯಿಂದ ಹಳ್ಳಿಗೆ ಹಬ್ಬಿತು. ರೈತರು ಕೂಟ ಸೇರಿ, ಇನ್ನು ಕಂದಾಯ ಕಟ್ಟುವುದಿಲ್ಲವೆಂದು ನಿಂತರು. ಬೂದಿ ಬಸವಪ್ಪನೆಂಬವನು ತಾನೇ ನಗರದ ಸಂಸ್ಥಾನದ ವಾರಸುದಾರನೆಂದು ಮುಂದೆ ಬಂದ. ತರೀಕೆರೆಯ ಪಾಳೆಯಗಾರ ವಂಶದ ರಂಗಪ್ಪ ನಾಯಕ ಕಲ್ದುರ್ಗದ ಕೋಟೆಯನ್ನು ಹಿಡಿದ. ರೈತರ ಕಂದಾಯದ ಜಗಳ ಹೀಗೆ ಗದ್ದುಗೆಯ ಜಗಳವಾಯಿತು.

ಈಗ ಪರಿಣಾಮ ನೋಡಿ. ಈಸ್ಟ್ ಇಂಡಿಯಾ ಕಂಪನಿಯ ಪಡೆಗಳು ಬಂದು ದಂಗೆಯನ್ನು ಅಡಗಿಸಿದವು. 1831ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕ್, ರಾಜ್ಯದಲ್ಲಿ ಸುವ್ಯವಸ್ಥೆ ಉಳಿದಿಲ್ಲವೆಂಬ ಕಾರಣ ಮುಂದಿಟ್ಟು ಮೈಸೂರಿನ ಆಡಳಿತವನ್ನೇ ಮಹಾರಾಜರಿಂದ ಕಿತ್ತುಕೊಂಡ. ಅದು ಒಡೆಯರ ಮನೆತನಕ್ಕೆ ಮರಳಿದ್ದು 1881ರಲ್ಲಿ, ಐವತ್ತು ವರ್ಷಗಳ ಮೇಲೆ. ಆ ಐವತ್ತು ವರ್ಷಗಳ ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿ ಹಲವು ಚಿಲ್ಲರೆ ತೆರಿಗೆಗಳು ರದ್ದಾದವು, ಅದು ರೈತರಿಗೆ ಆದ ಲಾಭ. ಆದರೆ ಬಾಬಾಬುಡನ್‌ಗಿರಿಯ ಸುತ್ತ, ಮಂಜರಾಬಾದಿನ (ಸಕಲೇಶಪುರ ಕಡೆಯ) ಕಾಡಿನಲ್ಲಿ ಯುರೋಪಿಯನ್ ತೋಟಗಾರರು ಕಾಲೂರಿದ್ದೂ ಆ ಆಡಳಿತದ ಕಾಲದಲ್ಲಿಯೇ. ಕೂಟ ಸೇರಿದ ರೈತರಲ್ಲಿ ಯಾರೂ ಇದನ್ನು ಬಯಸಿರಲಿಲ್ಲ. ನಿಮ್ಮ ಎರಡನೆಯ ಪ್ರಶ್ನೆಗೆ ಇದಕ್ಕಿಂತ ಹತ್ತಿರದ ಉತ್ತರ ನನಗೆ ಗೊತ್ತಿಲ್ಲ.

1951ರ ಕಾಗೋಡು ಸತ್ಯಾಗ್ರಹದ್ದೂ ಇದೇ ಹುಟ್ಟು. ಸಾಗರ ತಾಲ್ಲೂಕಿನ ಗೇಣಿದಾರರು, ಬಹುಪಾಲು ದೀವರ ಸಮುದಾಯದವರು, ತಲೆತಲಾಂತರದಿಂದ ಗೇಣಿ ಅಳೆಯುತ್ತಲೇ ಬಂದಿದ್ದರು. ಗೇಣಿಯೇ ಬೇಡವೆಂದು ಅವರು ಮೊದಲು ಕೇಳಲಿಲ್ಲ. ಅಳೆಯುವ ಕೊಳಗವೇ ನ್ಯಾಯದ ಅಳತೆಗಿಂತ ದೊಡ್ಡದೆಂಬುದು ಜಗಳದ ಮೊದಲ ಮಾತು. ಎಚ್. ಗಣಪತಿಯಪ್ಪನವರು ಸಂಘಟಿಸಿದರು, ಸಮಾಜವಾದಿಗಳು ಕೈಜೋಡಿಸಿದರು, ಅವರ ರಾಷ್ಟ್ರ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಸತ್ಯಾಗ್ರಹ ಆ ವರ್ಷ ಗೆಲ್ಲಲಿಲ್ಲ. ಆದರೆ ಮರುವರ್ಷದ ಚುನಾವಣೆಯಲ್ಲಿ ಸಮಾಜವಾದಿ ಶಾಂತವೇರಿ ಗೋಪಾಲಗೌಡರು ಶಾಸನಸಭೆಗೆ ಹೋದರು. ‘ಉಳುವವನೇ ಹೊಲದೊಡೆಯ’ ಎಂಬ ಮಾತು ಸಭೆಯಿಂದ ಸಭೆಗೆ ಸಾಗಿ, ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಲ್ಲಿ ಕಾನೂನಾಯಿತು. ಜೈಲಿಗೆ ಹೋದವರಲ್ಲಿ ಎಷ್ಟೋ ಮಂದಿ ಆ ಇಪ್ಪತ್ತಮೂರು ವರ್ಷ ಕಾದಿರಲಾರರು.

ಸಕಲೇಶಪುರದ ಸಂಘದವ

ಮೇಷ್ಟ್ರು ಕೊಳಗದ ವಿಷಯ ಎತ್ತಿದ್ದರಿಂದ ತೋಟದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ನಾನು ಬಹಳ ಕಾಲ ತೋಟ ಕಾರ್ಮಿಕರ ಸಂಘದಲ್ಲಿ ಕೆಲಸ ಮಾಡಿದವನು.

ಕೊಯ್ಲಿನಲ್ಲಿ ಕೂಲಿ ಕಿಲೋ ಲೆಕ್ಕದಲ್ಲಿರುವ ಕಡೆ ಸಂಜೆ ಕಣದ ಬಳಿ ತೂಕ ನಡೆಯುತ್ತದೆ. ಚೀಲದ ತೂಕಕ್ಕೆ, ಎಲೆ ಕಡ್ಡಿಗೆ, ಮಳೆ ಬಂದಿದ್ದರೆ ನೀರಿಗೆ ಎಂದು ಒಂದಿಷ್ಟು ಕಳೆಯುವುದು ವಾಡಿಕೆ, ಅದಕ್ಕೆ ಯಾರ ತಕರಾರೂ ಇರುವುದಿಲ್ಲ. ನಾವು ಕೂಲಿ ಹೆಚ್ಚಳಕ್ಕಾಗಿ ಸಹಿ ಸಂಗ್ರಹಿಸಲು ಹೋದಾಗ ಅರ್ಧಕ್ಕರ್ಧ ಮನೆಗಳ ಬಾಗಿಲು ತೆರೆಯದಿದ್ದ ಒಂದು ತೋಟದಲ್ಲಿ, ಒಂದು ಸಂಜೆ ಹೊಸ ರೈಟರು ಯಾವ ಮಾತೂ ಹೇಳದೆ ಕಳೆಯುವ ಪ್ರಮಾಣವನ್ನು ದುಪ್ಪಟ್ಟು ಮಾಡಿದ. ಸಾಲಿನ ಮುಂದಿದ್ದ ವಯಸ್ಸಾದ ಹೆಂಗಸೊಬ್ಬರು ತೂಗಿದ ಚೀಲವನ್ನು ತಕ್ಕಡಿಯಿಂದ ಇಳಿಸಿ, ಅದರ ಮೇಲೆಯೇ ಕುಳಿತರು. ಹಿಂದಿದ್ದವರೆಲ್ಲ ತಮ್ಮ ತಮ್ಮ ಚೀಲಗಳ ಮೇಲೆ ಕುಳಿತರು. ಘೋಷಣೆಯಿಲ್ಲ, ಬಾವುಟವಿಲ್ಲ. ಬಿಡಿಸಿದ ಹಣ್ಣು ಅಂದೇ ಸಿಪ್ಪೆ ತೆಗೆಯುವ ಪಲ್ಪರ್ ಯಂತ್ರಕ್ಕೆ ಹೋಗದಿದ್ದರೆ ಹುಳಿ ಬಂದು ಕಾಫಿಯ ದರ್ಜೆ ಇಳಿಯುತ್ತದೆಂಬುದು ಅವರಿಗೆ ಯಾವ ಸಂಘದವನೂ ಹೇಳಿಕೊಡಬೇಕಾಗಿರಲಿಲ್ಲ. ಕತ್ತಲಾದ ಮೇಲೆ ಸಾಹುಕಾರರೇ ಬಂದು ಹಳೆಯ ಲೆಕ್ಕಕ್ಕೆ ಒಪ್ಪಿದರು. ನಮಗೆ ಸುದ್ದಿ ಗೊತ್ತಾದದ್ದು ಮಾರನೆಯ ದಿನ.

ಮುನ್ನಾರಿನಲ್ಲಿ ಆದದ್ದೂ ಇದೇ ಬಗೆಯದು. ದಿನಗೂಲಿ ಆಗ ಇನ್ನೂರ ಮೂವತ್ತರ ಆಸುಪಾಸಿನಲ್ಲಿತ್ತು, ಅದು ಹಳೆಯ ಕಷ್ಟ. ಅವರನ್ನು ಎಬ್ಬಿಸಿದ್ದು ಬೋನಸ್ ಹಿಂದಿನ ವರ್ಷದ ಸುಮಾರು ಅರ್ಧಕ್ಕೆ, ಶೇ. 10ಕ್ಕೆ, ಇಳಿದದ್ದು. ಅವರ ಸಿಟ್ಟು ಕಂಪನಿಯ ಮೇಲೆ ಎಷ್ಟಿತ್ತೋ ಕಾರ್ಮಿಕ ಸಂಘಗಳ ಮೇಲೆಯೂ ಅಷ್ಟೇ ಇತ್ತು. ನಾಯಕರನ್ನು ಹತ್ತಿರ ಸೇರಿಸಲಿಲ್ಲ. ಕೊನೆಗೆ ಬೋನಸ್ ಮತ್ತು ಹೆಚ್ಚುವರಿ ಸಹಾಯಧನ ಸೇರಿ ಶೇ. 20 ಸಿಕ್ಕಿತು, ಆಮೇಲೆ ದಿನಗೂಲಿ 301 ರೂಪಾಯಿ ಎಂದು ನಿಗದಿಯಾಯಿತು. ಅವರು ಕೇಳಿದ್ದು 500. ಸಂಘದವನಾಗಿ ಆ ದಿನಗಳ ಸುದ್ದಿ ಓದುವುದು ನನಗೆ ಸುಲಭವಾಗಿರಲಿಲ್ಲ, ಆದರೆ ಆ ಹೆಂಗಸರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ನಮ್ಮಲ್ಲಿ ಏಕೆ ಹಾಗಾಗಲಿಲ್ಲ ಎಂಬುದಕ್ಕೆ ಗಟ್ಟಿಯಾದ ಕಾರಣಗಳಿವೆ. ಮುನ್ನಾರಿನಲ್ಲಿ ಸಾವಿರಾರು ಮಂದಿಗೆ ಒಬ್ಬನೇ ಮಾಲೀಕ, ಒಂದೇ ಬೋನಸ್, ಒಂದೇ ದಿನದ ಸುದ್ದಿ. ಇಲ್ಲಿ ತೋಟಗಳು ನೂರಾರು, ಒಂದೊಂದರಲ್ಲಿ ಒಂದೊಂದು ಲೆಕ್ಕ. 1951ರ ತೋಟ ಕಾರ್ಮಿಕರ ಕಾಯ್ದೆ ಅನ್ವಯಿಸುತ್ತಿದ್ದದ್ದು 5 ಹೆಕ್ಟೇರಿಗೆ ಕಡಿಮೆಯಿಲ್ಲದ, 15 ಮಂದಿಗೆ ಕಡಿಮೆಯಿಲ್ಲದೆ ಕಾರ್ಮಿಕರಿದ್ದ ತೋಟಗಳಿಗೆ. ಸಣ್ಣ ತೋಟದ ಆಳಿಗೆ ಆ ಕಾಯ್ದೆಯ ಮನೆಯೂ ಇಲ್ಲ, ಆಸ್ಪತ್ರೆಯೂ ಇಲ್ಲ. ದೊಡ್ಡ ತೋಟದಲ್ಲಿ ಲೈನ್ ಮನೆಯಿದೆ, ಆದರೆ ಅದು ಕೆಲಸಕ್ಕೆ ಕಟ್ಟಿಹಾಕಿದ ಮನೆ. ಮುಷ್ಕರವೆಂದರೆ ಅಂದಿನ ಕೂಲಿ ಹೋಗುವುದಷ್ಟೇ ಅಲ್ಲ, ಮಕ್ಕಳು ಮಲಗುವ ಜಾಗವೂ ಹೋಗಬಹುದೆಂಬ ಭಯ. ಈಗ ಅಸ್ಸಾಂ, ಬಂಗಾಳ, ಜಾರ್ಖಂಡ್ ಕಡೆಯಿಂದ ಮೇಸ್ತ್ರಿಯ ಮೂಲಕ ಮುಂಗಡ ಪಡೆದು ಬರುವವರಿಗೆ ಇಲ್ಲಿ ಮತವೂ ಇಲ್ಲ, ಭಾಷೆಯೂ ಇಲ್ಲ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ ಮುಷ್ಕರಕ್ಕೆ 14 ದಿನ ಮೊದಲೇ ನೋಟಿಸ್ ಕೊಡಬೇಕು. ಆ ಸಂಜೆ ಚೀಲದ ಮೇಲೆ ಕುಳಿತವರು ಯಾರಿಗೆ ನೋಟಿಸ್ ಕೊಡಬೇಕಾಗಿತ್ತು ಎಂದು ನಾನು ಆಗಾಗ ಯೋಚಿಸುತ್ತೇನೆ.

ಮೂಡಿಗೆರೆ ಬೆಳೆಗಾರ

ಸಂಘದವರು ಬರೆದದ್ದನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಒಂದು ಮಾತು ಸೇರಿಸುತ್ತೇನೆ. ಕಾಫಿ ಮಂಡಳಿಯ ಸಾಮೂಹಿಕ ಮಾರಾಟದ ವ್ಯವಸ್ಥೆ ತೊಂಬತ್ತರ ದಶಕದಲ್ಲಿ ಹಂತಹಂತವಾಗಿ ಮುಗಿದ ಮೇಲೆ ನಮ್ಮ ರೋಬಸ್ಟಾದ ಬೆಲೆ ಲಂಡನ್ನಿನಲ್ಲೂ ಅರೇಬಿಕಾದ ಬೆಲೆ ನ್ಯೂಯಾರ್ಕಿನಲ್ಲೂ ತೀರ್ಮಾನವಾಗುತ್ತದೆ. 2000ದ ನಂತರ ಬೆಲೆ ಕುಸಿದಾಗ ನನ್ನಂಥ ಸಣ್ಣ ಬೆಳೆಗಾರರು ಆಳುಗಳ ಜೊತೆ ತಾವೂ ಹಣ್ಣು ಬಿಡಿಸಿ ಸಾಲ ತೀರಿಸಿದ್ದಾರೆ. ಬೆಲೆ ಏರಿದ ವರ್ಷ ಕೂಲಿ ಏರಿಸಲಿಲ್ಲವೆಂಬ ದೂರು ನ್ಯಾಯವಾದದ್ದೇ, ಆದರೆ ಮರುವರ್ಷ ಬೆಲೆ ಬಿದ್ದರೆ ಕೂಲಿ ಇಳಿಸಲಾಗುವುದಿಲ್ಲವೆಂಬ ಅಂಜಿಕೆಯೂ ಸುಳ್ಳಲ್ಲ.

ಇನ್ನೊಂದು: ನಮ್ಮಲ್ಲಿ ಪ್ರತಿಭಟನೆಯೇ ನಡೆಯಲಿಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ. ಜನ ತೋಟ ಬಿಟ್ಟು ಹೋದರು. ಲೈನ್ ಮನೆಗಳಲ್ಲಿ ಹುಟ್ಟಿದ ಮಕ್ಕಳು ಬೆಂಗಳೂರಿನ ಗಾರ್ಮೆಂಟಿಗೆ, ಹೋಟೆಲಿಗೆ, ಸೆಕ್ಯುರಿಟಿ ಕೆಲಸಕ್ಕೆ ಹೋದರು, ಬಾಗಿಲು ಮುಚ್ಚಿದ ಲೈನುಗಳು ಈಗ ಎಷ್ಟೋ ತೋಟಗಳಲ್ಲಿ ಕಾಣುತ್ತವೆ. ಆಳು ಸಿಗದ ಕಾರಣಕ್ಕೇ ನಮ್ಮ ಕಡೆ ಕೂಲಿ ಏರಿದ್ದು. ಯಾವ ಒಪ್ಪಂದಕ್ಕಿಂತಲೂ ಹೆಚ್ಚಾಗಿ ಅದು ಮಾಲೀಕರ ಕೈ ಬಗ್ಗಿಸಿತು.

ಅರಸೀಕೆರೆ ಅಕ್ಕ

ಬೆಳೆಗಾರ ಅಣ್ಣನವರು ಹೇಳಿದ ಗಾರ್ಮೆಂಟಿಗೆ ಹೋದವರಲ್ಲಿ ನಾನೂ ಒಬ್ಬಳು. 2016ರ ಏಪ್ರಿಲ್ 18ರಂದು ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಕುಳಿತ ಸಾವಿರಾರು ಹೆಂಗಸರ ನಡುವೆ ನಾನಿದ್ದೆ.

ಅದರ ಕಾರಣವೂ ಮೇಷ್ಟ್ರು ಹೇಳಿದ ಮಾತಿಗೆ ಸರಿಹೊಂದುತ್ತದೆ. ನಮ್ಮ ಸಂಬಳ ಕಡಿಮೆಯಿತ್ತು, ಟಾರ್ಗೆಟ್ ಮುಗಿಯದಿದ್ದರೆ ಬೈಗುಳವಿತ್ತು, ಬಾತ್‌ರೂಮಿಗೆ ಹೋಗಲು ಸೂಪರ್‌ವೈಸರನ ಮುಖ ನೋಡಬೇಕಿತ್ತು. ಇದಾವುದಕ್ಕೂ ಫ್ಯಾಕ್ಟರಿಯ ಹೊಲಿಗೆ ಮಿಷನ್ನುಗಳು ನಿಂತಿರಲಿಲ್ಲ. ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿಎಫ್ (ಭವಿಷ್ಯನಿಧಿ) ನಿಯಮ ಬದಲಿಸಿ, ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲವೆಂದು ಹೇಳಿತು. ಗಾರ್ಮೆಂಟಿನಲ್ಲಿ 58ರವರೆಗೆ ಕಣ್ಣು ಸೊಂಟ ಉಳಿಸಿಕೊಂಡು ದುಡಿದವರನ್ನು ನಾನು ಕಂಡಿಲ್ಲ. ಕೆಲಸ ಬಿಟ್ಟಾಗ ಬರುವ ಪಿಎಫ್ ಹಣವೆಂದರೆ ಮಗಳ ಮದುವೆ, ಊರಿನಲ್ಲಿ ಒಂದು ಸೂರು, ತೀರಿಸದೆ ಉಳಿದ ಕೈಸಾಲ. ಅದು ನಮ್ಮದೆಂದು ಪ್ರತಿ ತಿಂಗಳ ಚೀಟಿಯಲ್ಲಿ ಮುದ್ರಿಸಿ ಕೊಟ್ಟಿದ್ದರು. ನಮ್ಮದೆಂದು ಬರೆದುಕೊಟ್ಟದ್ದಕ್ಕೆ ಕೈ ಹಾಕಿದ್ದರಿಂದಲೇ ನಾವು ಎದ್ದೆವು.

ಕರೆ ಕೊಟ್ಟ ನಾಯಕರು ಯಾರೂ ಇರಲಿಲ್ಲ. ಒಂದು ಫ್ಯಾಕ್ಟರಿಯವರು ಹೊರಬಂದದ್ದನ್ನು ಕಂಡು ಪಕ್ಕದವರು ಬಂದರು. ಎರಡನೆಯ ದಿನ ಲಾಠಿ ಬೀಸಿದರು, ವಾಹನಗಳು ಸುಟ್ಟವು, ಅಂದೇ ಸಂಜೆ ಸರ್ಕಾರ ಆ ಆದೇಶವನ್ನು ಹಿಂತೆಗೆದುಕೊಂಡಿತು. ದೇಶದ ಕೋಟ್ಯಂತರ ಪಿಎಫ್ ಸದಸ್ಯರಿಗೆ, ನಮ್ಮ ಹೆಸರೂ ಕೇಳದವರಿಗೆ, ಅದರ ಫಲ ಸಿಕ್ಕಿತು. ಮೊಕದ್ದಮೆ ಬಿದ್ದದ್ದು ಮಾತ್ರ ಅಲ್ಲಿ ಸಿಕ್ಕಿಬಿದ್ದವರ ಮೇಲೆ. ಸಂಬಳದ ಬೇಡಿಕೆ ಆ ಎರಡು ದಿನಗಳಲ್ಲಿ ಯಾರ ಬಾಯಲ್ಲೂ ಬರಲಿಲ್ಲ, ಆಮೇಲೆ ಎತ್ತಲು ಸಂಘಟನೆ ನಮ್ಮಲ್ಲಿರಲಿಲ್ಲ. ನಾಯಕರಿಲ್ಲದ ಚಳವಳಿಯನ್ನು ಹೊಗಳುವವರು ಈ ಭಾಗವನ್ನೂ ನೆನಪಿಡಬೇಕು.

ಆಲ್ದೂರಿನ ವಿದ್ಯಾರ್ಥಿನಿ

ಎಲ್ಲರಿಗೂ ವಂದನೆಗಳು. ಅರಸೀಕೆರೆಯ ಅಕ್ಕ ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಗುರುಗಳಲ್ಲಿ ಇನ್ನೊಂದು ಪ್ರಶ್ನೆ: ಕಟ್ಟಳೆ ಮುರಿದರೆ ಜನ ಏಳುತ್ತಾರೆಂಬುದು ಅರ್ಥವಾಯಿತು. ಆದರೆ ಹಾಗೆ ಎದ್ದದ್ದು ಕ್ರಾಂತಿಯಾಗುವುದು ಯಾವಾಗ? ನಮ್ಮ ಮಲೆನಾಡಿನಲ್ಲಿ ಬಂದೂಕು ಹಿಡಿದವರೂ ಇದ್ದರಲ್ಲವೇ?

ಹಾಸನದ ನಿವೃತ್ತ ಅಧ್ಯಾಪಕ

ಅದು ಎದ್ದವರ ಧೈರ್ಯಕ್ಕಿಂತ ಹೆಚ್ಚಾಗಿ ಆಳುವವರ ಒಳಗಿನ ಬಿರುಕನ್ನು ಅವಲಂಬಿಸುತ್ತದೆ. 1917ರ ಮಾರ್ಚ್ 8ರಂದು ಪೆಟ್ರೋಗ್ರಾಡಿನಲ್ಲಿ ಬ್ರೆಡ್ಡಿನ ಕೊರತೆಯಿಂದ ರೋಸಿಹೋದ ನೂಲು ಗಿರಣಿಯ ಹೆಂಗಸರು ಕೆಲಸ ನಿಲ್ಲಿಸಿ ಬೀದಿಗೆ ಬಂದರು. 11ರಂದು ಸೈನಿಕರು ಗುಂಡು ಹಾರಿಸಿದರು; ಅಲ್ಲಿಗೇ ಮುಗಿದಿದ್ದರೆ ಅದು ಇನ್ನೊಂದು ಗೋಲಿಬಾರ್ ಆಗಿ ಉಳಿಯುತ್ತಿತ್ತು. 12ರಂದು ವೊಲಿನ್ಸ್ಕಿ ರೆಜಿಮೆಂಟ್ ಇನ್ನು ಗುಂಡು ಹಾರಿಸುವುದಿಲ್ಲವೆಂದು ಬಂಡೆದ್ದಿತು, ಬೇರೆ ತುಕಡಿಗಳು ಹಿಂಬಾಲಿಸಿದವು, 15ರಂದು ತ್ಸಾರ್ ಎರಡನೆಯ ನಿಕೊಲಾಸ್ ಸಿಂಹಾಸನ ಬಿಟ್ಟ. 1831ರಲ್ಲಿ ನಮ್ಮ ರೈತರ ಎದುರು ನಿಂತ ಕಂಪನಿಯ ಪಡೆಯಲ್ಲಿ ಅಂಥ ಬಿರುಕು ಇರಲಿಲ್ಲ.

ಮಲೆನಾಡಿನ ನಕ್ಸಲ್ ಚಳವಳಿಗೆ ನೆಲ ಸಿಕ್ಕಿದ್ದು ಕುದುರೆಮುಖ ರಾಷ್ಟ್ರೀಯ ಉದ್ಯಾನದಿಂದ ಒಕ್ಕಲೆಬ್ಬಿಸುತ್ತಾರೆಂಬ ಆದಿವಾಸಿಗಳ, ಸಣ್ಣ ಹಿಡುವಳಿದಾರರ ಭಯದಲ್ಲಿ. ಆ ಭಯ ನಿಜವಾದದ್ದಾಗಿತ್ತು. ಆದರೆ ಮತ ಹಾಕಿ ಸರ್ಕಾರ ಬದಲಿಸಬಹುದಾದ ಕಡೆ ಬಂದೂಕಿನ ಹಿಂದೆ ಹೋಗುವವರು ಎಂದೂ ಕೆಲವರೇ. 2005ರ ಫೆಬ್ರವರಿಯಲ್ಲಿ ಆ ಚಳವಳಿಯ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಬಲಿಯಾದರು, 2025ರ ಜನವರಿಯಲ್ಲಿ ಆರು ಮಂದಿ ನಕ್ಸಲರು ಮುಖ್ಯಮಂತ್ರಿಗಳ ಎದುರು ಶರಣಾದರು. ಇದನ್ನು 1980ರ ಜುಲೈ 21ರ ನರಗುಂದ–ನವಲಗುಂದಕ್ಕೆ ಹೋಲಿಸಿ. ಮಲಪ್ರಭಾ ಅಚ್ಚುಕಟ್ಟಿನ ರೈತರು ಅಭಿವೃದ್ಧಿ ಕರದ ವಿರುದ್ಧ ಎದ್ದರು, ಗೋಲಿಬಾರಿನಲ್ಲಿ ಸಾವುಗಳಾದವು. ಆ ಸಿಟ್ಟು ರೈತ ಸಂಘದ ರೂಪ ತಾಳಿತು, 1983ರ ಚುನಾವಣೆಯಲ್ಲಿ ಗುಂಡೂರಾವ್ ಸರ್ಕಾರ ಸೋತು ರಾಜ್ಯದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರ್ಕಾರ ಬರಲು ಅದೂ ಒಂದು ಕಾರಣವಾಯಿತು. ನನ್ನ ಲೆಕ್ಕದಲ್ಲಿ ಅದು ಬಂದೂಕಿಗಿಂತ ದೂರ ಹೋಯಿತು.

ನಿಮ್ಮ ಪ್ರಬಂಧಕ್ಕೆ ಒಂದು ಸಲಹೆ. ಕಾಗೋಡಿನ ಫಲವಾದ 1974ರ ಕಾನೂನು ನಿಮ್ಮ ಊರಿಗೆ ಬಂದಾಗ ಏನಾಯಿತೆಂದು ಹುಡುಕಿ. ಗೇಣಿದಾರರು ಭೂ ನ್ಯಾಯಮಂಡಳಿಗೆ ನಮೂನೆ 7ರಲ್ಲಿ ಅರ್ಜಿ ಹಾಕಬೇಕಾಗಿತ್ತು. ಕೊನೆಯ ದಿನಾಂಕವನ್ನು ಮುಂದೂಡುತ್ತಾ 1979ರ ಜೂನ್ 30ಕ್ಕೆ ನಿಲ್ಲಿಸಿದರು. ಗದ್ದೆ ಮಾಡುತ್ತಿದ್ದ ಸಾವಿರಾರು ಕುಟುಂಬಗಳು ಹೀಗೆ ಒಡೆತನ ಪಡೆದವು. ಆದರೆ ಅದೇ ಕಾಯ್ದೆಯ 104ನೆಯ ಕಲಮು ಕಾಫಿ, ಚಹಾ, ಏಲಕ್ಕಿ, ಮೆಣಸು, ರಬ್ಬರ್ ತೋಟಗಳನ್ನು ಭೂಮಿತಿಯಿಂದ, ಅಂದರೆ ಒಬ್ಬರು ಇಂತಿಷ್ಟೇ ಭೂಮಿ ಹೊಂದಬಹುದೆಂಬ ಮಿತಿಯಿಂದ, ಹೊರಗಿಟ್ಟಿತು. ಗದ್ದೆಯ ಗೇಣಿದಾರ ಒಡೆಯನಾದ, ಪಕ್ಕದ ಎಸ್ಟೇಟು ಹಾಗೆಯೇ ಉಳಿಯಿತು. ಲೈನ್ ಮನೆಯಲ್ಲಿದ್ದವರು ಯಾರ ಭೂಮಿಯನ್ನೂ ಗೇಣಿಗೆ ಹಿಡಿದವರಲ್ಲವಾದ್ದರಿಂದ ಅವರು ತುಂಬಬಹುದಾದ ನಮೂನೆಯೇ ಇರಲಿಲ್ಲ. ನಿಮ್ಮ ತಾಯಿಯವರ ಲೈನಿನಲ್ಲಿ ಆ ವರ್ಷಗಳನ್ನು ಕಂಡ ಹಿರಿಯರಿದ್ದರೆ, ಪಕ್ಕದ ಹಳ್ಳಿಯವರು ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಹೋಗುತ್ತಿದ್ದಾಗ ಲೈನಿನವರು ಏನು ಮಾತಾಡಿಕೊಂಡರೆಂದು ಮೊದಲು ಅವರನ್ನು ಕೇಳಿ, ಆಮೇಲೆ ನ್ಯಾಯಮಂಡಳಿಯ ಕಡತಗಳಿಗೆ ಹೋಗಿ.